ಕೈತಪ್ಪಿ ಬಯಲಿಗೆ ಬಿದ್ದ ಮಾಹಿತಿ

2023ರಲ್ಲಿ ಬೆಂಗಳೂರು ಮತ್ತು ದಕ್ಷಿಣ ಕನ್ನಡದ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ದೂರು ಕೊಟ್ಟವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ಎಟಿಎಂ ಕಾರ್ಡ್ ಕಳೆದುಕೊಂಡಿರಲಿಲ್ಲ. ಆದರೂ ಅವರ ಖಾತೆಯಿಂದ ಹಣ ಹೋಗಿತ್ತು. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಎರಡಿದ್ದರೆ ಸಾಕು, ಹಳ್ಳಿಯ ಬ್ಯಾಂಕ್ ಮಿತ್ರರ ಬಳಿಯೂ ಹಣ ಪಡೆಯಬಹುದಾದ ಪಾವತಿ ವ್ಯವಸ್ಥೆಯ ಮೂಲಕ ಅದನ್ನು ಎಳೆಯಲಾಗಿತ್ತು. ಇವರಲ್ಲಿ ಹಲವರು ಸ್ವಲ್ಪ ದಿನಗಳ ಹಿಂದಷ್ಟೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಜಮೀನಿನದೋ ನಿವೇಶನದ್ದೋ ಪತ್ರ ಮಾಡಿಸಿಕೊಂಡು ಬಂದಿದ್ದರು. ಆ ಪತ್ರಗಳ ಪ್ರತಿಗಳಲ್ಲಿ ಅವರ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ವಂಚಕರು ಬೆರಳಚ್ಚನ್ನು ಅಲ್ಲಿಂದಲೇ ಎತ್ತಿಕೊಂಡಿರಬೇಕು ಎಂಬ ಶಂಕೆ ಬಲವಾಯಿತು. ಜಾಲತಾಣದಲ್ಲಿ ಸಿಗುವ ಪತ್ರಗಳಲ್ಲಿ ಬೆರಳಚ್ಚನ್ನು ಮರೆಮಾಡಲು ರಾಜ್ಯ ಸರ್ಕಾರ ಮುಂದಾಯಿತು. ಆಧಾರ್‌ನ ಬಯೊಮೆಟ್ರಿಕ್ ಅನ್ನು ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಸಲಹೆ ಹೋಯಿತು.

ಇಂಥದ್ದು ನಡೆಯಬಹುದು ಎಂಬ ಸುಳಿವು ಪಕ್ಕದ ತೆಲಂಗಾಣದಲ್ಲಿ ಐದು ವರ್ಷ ಮೊದಲೇ ಸಿಕ್ಕಿತ್ತು. ನೋಂದಣಿ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡ ಪತ್ರಗಳ ಬೆರಳಚ್ಚುಗಳಿಂದ ರಬ್ಬರ್ ಅಚ್ಚು ತಯಾರಿಸಿ, ಸಾವಿರಾರು ಮೊಬೈಲ್ ಸಿಮ್‌ಗಳನ್ನು ಚಾಲೂ ಮಾಡಿದ್ದ ವ್ಯಕ್ತಿಯೊಬ್ಬನನ್ನು 2018ರಲ್ಲಿ ಹೈದರಾಬಾದಿನ ಪೊಲೀಸರು ಬಂಧಿಸಿದ್ದರು. ಆತ ಯಾವ ಬೀಗವನ್ನೂ ಒಡೆಯಬೇಕಾಗಿರಲಿಲ್ಲ, ಬೇಕಾದದ್ದು ತೆರೆದ ಜಾಗದಲ್ಲೇ ಇತ್ತು.

ಮಾಹಿತಿ ಸೋರಿಕೆ ಎಂದ ಕೂಡಲೇ ಎಲ್ಲೋ ಕತ್ತಲೆ ಕೋಣೆಯಲ್ಲಿ ಕುಳಿತ ಕಳ್ಳನ ಚಿತ್ರ ನಮ್ಮ ಕಣ್ಣೆದುರು ಬರುತ್ತದೆ. ಆದರೆ ಕಳೆದ ಎರಡು ದಶಕಗಳ ದೊಡ್ಡ ದೊಡ್ಡ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ, ಅವುಗಳಲ್ಲಿ ಎಷ್ಟೋ ಕಡೆ ಕಳ್ಳತನವೇ ಇಲ್ಲ. ಯಾರೋ ಒಬ್ಬ ನೌಕರ, ಒಬ್ಬ ಎಂಜಿನಿಯರ್, ಒಬ್ಬ ಸೈನಿಕ, ಒಬ್ಬ ಸಾಮಾನ್ಯ ಗ್ರಾಹಕ ತನ್ನ ದಿನನಿತ್ಯದ ಕೆಲಸ ಮಾಡುತ್ತಾ, ಕೆಲವೊಮ್ಮೆ ಒಳ್ಳೆಯದನ್ನೇ ಉದ್ದೇಶಿಸಿ, ಗೋಪ್ಯವಾಗಿರಬೇಕಾದುದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟಿರುತ್ತಾನೆ. ಈ ತಪ್ಪಿಗೆ ಕಾರಣಗಳು ಬೆರಳಿನ ಅಜಾಗ್ರತೆಗಿಂತ ಆಳದಲ್ಲಿವೆ.

ಮೂರು ಕಾಲದ ನಿಯಮಗಳು ಒಂದೇ ಹಾಳೆಯ ಮೇಲೆ

ನೋಂದಣಿ ಪತ್ರದ ಪ್ರಕರಣವನ್ನೇ ಇನ್ನಷ್ಟು ಬಿಡಿಸಿ ನೋಡಬಹುದು. ನಮ್ಮ ನೋಂದಣಿ ಕಾಯ್ದೆ 1908ರದು. ಆಸ್ತಿಯ ಕೈಬದಲಾವಣೆಯನ್ನು ಬರೆದಿಡುವ ಪುಸ್ತಕಗಳನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು ಎಂದು ಅದು ಹೇಳುತ್ತದೆ. ಇದರಲ್ಲಿ ದೊಡ್ಡ ವಿವೇಕವಿದೆ. ಒಂದೇ ಜಮೀನನ್ನು ಇಬ್ಬರಿಗೆ ಮಾರುವ, ಸಾಲದ ಹೊರೆಯನ್ನು ಮುಚ್ಚಿಟ್ಟು ಮಾರುವ ಮೋಸಕ್ಕೆ ತಡೆ ಬೀಳುವುದು ಪುಸ್ತಕ ತೆರೆದಿದ್ದಾಗ ಮಾತ್ರ. ಆದರೆ ಅಂದು ಪುಸ್ತಕ ತೆರೆದಿದೆ ಎಂದರೆ, ನೋಡಬೇಕಾದವನು ತಾಲ್ಲೂಕು ಕೇಂದ್ರಕ್ಕೆ ಬಂದು, ಅರ್ಜಿ ಬರೆದು, ಗುಮಾಸ್ತರ ಮುಂದೆ ನಿಂತು, ತನಗೆ ಬೇಕಾದ ಒಂದು ಪತ್ರವನ್ನು ನೋಡಿಕೊಂಡು ಹೋಗಬೇಕು ಎಂದೇ ಅರ್ಥವಾಗಿತ್ತು. ಆ ಶ್ರಮವೇ ಒಂದು ಬೇಲಿಯಾಗಿತ್ತು.

2001ರಲ್ಲಿ ಅದೇ ಕಾಯ್ದೆಗೆ 32ಎ ಕಲಮು ಸೇರಿತು. ಸುಳ್ಳು ವ್ಯಕ್ತಿಗಳು ಬಂದು ಸಹಿ ಹಾಕಿಹೋಗುವುದನ್ನು ತಡೆಯಲು, ಪತ್ರ ಹಾಜರುಪಡಿಸುವವರು ಭಾವಚಿತ್ರವನ್ನೂ ಬೆರಳಚ್ಚನ್ನೂ ಹಚ್ಚಬೇಕೆಂದು ಅದು ಕಡ್ಡಾಯ ಮಾಡಿತು. ಇದೂ ವಿವೇಕದ ಕ್ರಮವೇ. ಮುಂದೆ ಬೆರಳಚ್ಚು ಬರೀ ಗುರುತಾಗಿ ಉಳಿಯದೆ ಬ್ಯಾಂಕ್ ಖಾತೆಯ ಕೀಲಿಯೂ ಆಯಿತು. ಓದು ಬರಹ ಬಾರದ ವೃದ್ಧೆಗೂ ಊರಿನಲ್ಲೇ ಪಿಂಚಣಿ ಸಿಗಲಿ ಎಂಬ ಕಾಳಜಿಯಿಂದ ರೂಪುಗೊಂಡ ಪಾವತಿ ವ್ಯವಸ್ಥೆಯದು, ಒಟಿಪಿ ಕೇಳದೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ಕೊಡುವಂಥದ್ದು. ಇದರ ನಡುವೆ ಕಚೇರಿಯ ಪುಸ್ತಕಗಳು ಸ್ಕ್ಯಾನ್ ಆಗಿ ಜಾಲತಾಣ ಸೇರಿದವು.

ಹೀಗೆ ಮೂರು ಕಾಲದಲ್ಲಿ, ಮೂರು ಉದ್ದೇಶಗಳಿಗೆ ಮಾಡಿದ ನಿಯಮಗಳು ಒಂದೇ ಹಾಳೆಯ ಮೇಲೆ ಬಂದು ಕೂಡಿದವು. ಪ್ರತಿಯೊಂದೂ ತನ್ನಷ್ಟಕ್ಕೆ ಸರಿಯಾಗಿತ್ತು. ಕೂಡಿದಾಗ ಹುಟ್ಟಿದ ಅಪಾಯವನ್ನು ನೋಡುವ ಹೊಣೆ ಯಾವ ಒಂದು ಇಲಾಖೆಯ ಮೇಜಿನ ಮೇಲೂ ಇರಲಿಲ್ಲ. ಆಸ್ತಿ ಮಾರಿದ ರೈತನಿಗಂತೂ ತನ್ನ ಹೆಬ್ಬೆಟ್ಟು ಎಲ್ಲಿಗೆ ಪಯಣಿಸುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪಾಸ್‌ವರ್ಡ್ ಬಯಲಾದರೆ ಬದಲಿಸಿಕೊಳ್ಳಬಹುದು, ಬೆರಳನ್ನು ಬದಲಿಸಿಕೊಳ್ಳಲಾಗದು.

ಪಟ್ಟಿ ಪ್ರಕಟಿಸುವ ಕರ್ತವ್ಯ

ಸರ್ಕಾರಿ ಜಾಲತಾಣಗಳಿಂದ ಇಷ್ಟೊಂದು ಖಾಸಗಿ ವಿವರ ಹೊರಬೀಳಲು ಪಾರದರ್ಶಕತೆಯ ಕಾನೂನೂ ಒಂದು ಕಾರಣ ಎಂಬುದನ್ನು ಒಪ್ಪಿಕೊಳ್ಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ, ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರಗಳನ್ನು ಯಾರೂ ಕೇಳದಿದ್ದರೂ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು. ಆ ಪಟ್ಟಿಗಳು ಈ ದೇಶದ ಬಡವರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರು, ಊರು ಬಿಟ್ಟವರ ಹೆಸರು, ಗುತ್ತಿಗೆದಾರರ ಬಂಧುಗಳ ಹೆಸರು ಇರುವುದನ್ನು ಗ್ರಾಮಸಭೆಗಳಲ್ಲಿ ಎತ್ತಿ ತೋರಿಸಲು ಸಾಧ್ಯವಾದದ್ದು, ಪಂಚಾಯಿತಿ ಗೋಡೆಯ ಮೇಲೂ ಜಾಲತಾಣದಲ್ಲೂ ಹೆಸರುಗಳು ತೆರೆದಿದ್ದರಿಂದ. ಸಾಮಾಜಿಕ ಲೆಕ್ಕಪರಿಶೋಧನೆ ನಿಂತಿರುವುದೇ ಅದರ ಮೇಲೆ.

ಆದರೆ ಹೆಸರು ಪ್ರಕಟಿಸಬೇಕಾದಲ್ಲಿ ಇಡೀ ಕೋಷ್ಟಕವೇ ಪ್ರಕಟವಾಯಿತು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು 2017ರ ಮೇ ತಿಂಗಳ ವರದಿಯಲ್ಲಿ ಕೇವಲ ನಾಲ್ಕು ಸರ್ಕಾರಿ ಜಾಲತಾಣಗಳನ್ನು ಪರಿಶೀಲಿಸಿತ್ತು. ಅವುಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಮತ್ತು ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆಗಳು ಬಹಿರಂಗವಾಗಿರಬಹುದು ಎಂದು ಅದು ಅಂದಾಜಿಸಿತು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳಿದೆ. ಆದರೂ 2017ರಲ್ಲೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ಜಾಲತಾಣಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸದ ಜೊತೆ ಆಧಾರ್ ಸಂಖ್ಯೆಯೂ ಕಾಣುತ್ತಿದ್ದುದನ್ನು ಅಧಿಕೃತವಾಗಿಯೇ ಒಪ್ಪಿಕೊಳ್ಳಲಾಯಿತು. ಅವುಗಳಲ್ಲಿ ಶಿಕ್ಷಣ ಸಂಸ್ಥೆಗಳ ತಾಣಗಳೂ ಇದ್ದವು. ಆಮೇಲೆ ಆ ಸಂಖ್ಯೆಗಳನ್ನು ತೆಗೆಸಲಾಯಿತು.

ಈ ಎಲ್ಲ ಕಡೆ ಆದ ತಪ್ಪಿನ ಸ್ವರೂಪ ಬಹಳ ಸರಳವಾದದ್ದು. ಕಚೇರಿಯ ಒಳಗಿನ ಕೆಲಸಕ್ಕೆಂದು ಒಂದು ಎಕ್ಸೆಲ್ ಕಡತವಿರುತ್ತದೆ. ಅದರಲ್ಲಿ ಹೆಸರು, ಊರು, ಮೊತ್ತ, ಆಧಾರ್, ಖಾತೆ ಸಂಖ್ಯೆ, ಜಾತಿ, ಮೊಬೈಲ್ ಎಲ್ಲ ಕಾಲಂಗಳೂ ಇರುತ್ತವೆ. ಪ್ರಕಟಿಸಿ ಎಂಬ ಆದೇಶ ಮೇಲಿನಿಂದ ಬರುತ್ತದೆ, ಯಾವ ಕಾಲಂ ಪ್ರಕಟಿಸಬೇಕು ಎಂಬ ಆದೇಶ ಬರುವುದಿಲ್ಲ. ಅಪ್‌ಲೋಡ್ ಮಾಡುವವರು ಹಲವು ಕಡೆ ತಿಂಗಳ ಸಂಬಳದ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು. ಗಡುವು ಸಂಜೆಗೇ ಇರುತ್ತದೆ. ಕಾಲಂ ಅಳಿಸಿದರೆ ‘ಅಪೂರ್ಣ ಮಾಹಿತಿ’ ಎಂದು ನೋಟಿಸ್ ಬರಬಹುದೆಂಬ ಭಯ ಅವರಿಗೆ ಇರುತ್ತದೆ, ಉಳಿಸಿದರೆ ಯಾರೂ ಕೇಳುವುದಿಲ್ಲ. ಇಂಥ ಸ್ಥಿತಿಯಲ್ಲಿ ತಪ್ಪು ಯಾವ ಕಡೆಗೆ ವಾಲುತ್ತದೆ ಎಂದು ಊಹಿಸಲು ತನಿಖಾ ಸಮಿತಿ ಬೇಕಾಗಿಲ್ಲ.

ಉದ್ದೇಶಪೂರ್ವಕವಾಗಿ ಪ್ರಕಟಿಸಿದ ಪಟ್ಟಿಯೂ ಎಣಿಸದ ಕಡೆಗೆ ಹರಿಯಬಲ್ಲದು ಎಂಬುದನ್ನು 2020ರ ಮಾರ್ಚ್ ತೋರಿಸಿತು. ಕೋವಿಡ್‌ನ ಮೊದಲ ದಿನಗಳಲ್ಲಿ, ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದ ಸಾವಿರಾರು ಜನರ ವಿಳಾಸಗಳ ಪಟ್ಟಿಯನ್ನು ಕರ್ನಾಟಕದಲ್ಲಿ ಪ್ರಕಟಿಸಲಾಯಿತು. ಸೋಂಕು ಹರಡದಂತೆ ನೆರೆಹೊರೆಯವರು ಎಚ್ಚರವಾಗಿರಲಿ ಎಂಬುದು ಅದರ ಹಿಂದಿನ ಆಲೋಚನೆ. ಆ ದಿನಗಳ ಭೀತಿಯನ್ನು ನೆನೆದರೆ ಆ ಆಲೋಚನೆ ಅರ್ಥವಾಗದಿರುವಂಥದ್ದಲ್ಲ. ಆದರೆ ಪಟ್ಟಿ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಇಳಿದ ಮೇಲೆ ಎಚ್ಚರಿಕೆಯ ಜಾಗದಲ್ಲಿ ಹಗೆತನ ಬಂತು. ನಿಯಮ ಪಾಲಿಸಿ ಬಾಗಿಲು ಮುಚ್ಚಿ ಕುಳಿತವರೇ ಅಪರಾಧಿಗಳಂತೆ ಕಂಡರು.

ಅಡಗಿದ ಹಾಳೆ

ಉತ್ತರ ಐರ್ಲೆಂಡಿನಲ್ಲಿ 2023ರ ಆಗಸ್ಟ್ 8ರಂದು ನಡೆದದ್ದು ಈ ವಿಷಯದಲ್ಲಿ ಜಗತ್ತಿಗೇ ಪಾಠವಾಗಬೇಕಾದ ಘಟನೆ. ಅಲ್ಲಿನ ಪೊಲೀಸ್ ಪಡೆಯಲ್ಲಿ ಯಾವ ಹುದ್ದೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದ್ದರು. ಕೇಳಿದ್ದು ಬರೀ ಅಂಕಿ. ಉತ್ತರವಾಗಿ ಹೋದ ಎಕ್ಸೆಲ್ ಕಡತದಲ್ಲಿ ಆ ಅಂಕಿಗಳ ಕೋಷ್ಟಕವೇ ಕಾಣುತ್ತಿತ್ತು. ಆದರೆ ಅಂಕಿಗಳನ್ನು ಲೆಕ್ಕ ಹಾಕಲು ಬಳಸಿದ್ದ ಮೂಲ ಹಾಳೆ ಅದೇ ಕಡತದೊಳಗೆ ಅಡಗಿ ಕುಳಿತಿತ್ತು. ಪಡೆಯ ಎಲ್ಲ 9,483 ಅಧಿಕಾರಿ ಮತ್ತು ಸಿಬ್ಬಂದಿಯ ಅಡ್ಡಹೆಸರು, ಇನಿಷಿಯಲ್, ದರ್ಜೆ, ಕೆಲಸದ ಸ್ಥಳ, ವಿಭಾಗ ಅದರಲ್ಲಿದ್ದವು. ಉತ್ತರಗಳನ್ನು ಎಲ್ಲರೂ ಓದಬಹುದಾದ ಜಾಲತಾಣದಲ್ಲಿ ಅದು ಎರಡೂವರೆಯಿಂದ ಮೂರು ಗಂಟೆಗಳ ಕಾಲ ಇತ್ತು.

ಮೂರು ಗಂಟೆ ದೊಡ್ಡ ಅವಧಿಯಲ್ಲ ಎನಿಸಬಹುದು. ಆದರೆ ಅದು ದಶಕಗಳ ಹಿಂಸಾಚಾರ ಕಂಡ ನಾಡು. ಪೊಲೀಸ್ ಕೆಲಸದಲ್ಲಿದ್ದೇವೆ ಎಂದು ಎಷ್ಟೋ ಜನ ತಮ್ಮ ನೆಂಟರಿಗೂ ಹೇಳಿಕೊಂಡಿರಲಿಲ್ಲ. ಕೆಲವೇ ದಿನಗಳಲ್ಲಿ ಆ ಪಟ್ಟಿ ಸಶಸ್ತ್ರ ಗುಂಪುಗಳ ಕೈ ಸೇರಿದೆ ಎಂದು ಪೊಲೀಸ್ ಪಡೆಯೇ ಹೇಳಬೇಕಾಯಿತು. ಮನೆ ಬದಲಿಸಿದವರು, ಹೆಸರು ಬದಲಿಸಿಕೊಳ್ಳಲು ಯೋಚಿಸಿದವರು, ರಾತ್ರಿ ನಿದ್ದೆ ಕಳೆದುಕೊಂಡವರು ಇದ್ದರು. ಮಾಹಿತಿ ರಕ್ಷಣೆಯ ಮೇಲ್ವಿಚಾರಕರು 2024ರಲ್ಲಿ ಆ ಪಡೆಗೆ 7,50,000 ಪೌಂಡ್ ದಂಡ ಹಾಕಿದರು. ಕಡತ ಕಳಿಸುವ ಮುನ್ನ ಅದು ಒಬ್ಬರಿಗಿಂತ ಹೆಚ್ಚು ಜನರ ಕೈ ದಾಟಿತ್ತು, ಆದರೂ ಅಡಗಿದ ಹಾಳೆ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಕಾಣುವುದಷ್ಟೇ ಕಡತದಲ್ಲಿದೆ ಎಂದು ನಂಬುವುದು ಕಾಗದದ ಕಾಲದ ಅಭ್ಯಾಸ. ಕಾಗದಕ್ಕೆ ಹಿಂದುಮುಂದು ಎರಡೇ ಬದಿ, ಕಂಪ್ಯೂಟರ್ ಕಡತಕ್ಕೆ ಹಾಗಲ್ಲ. 2009ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣಾ ಕೈಪಿಡಿಯೊಂದು ಸರ್ಕಾರಿ ಜಾಲತಾಣದಲ್ಲಿ ಕಂಡುಬಂತು. ಗೋಪ್ಯ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆಯಲಾಗಿತ್ತು. ಆ ಭಾಗವನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅಡಿಯ ಅಕ್ಷರಗಳೆಲ್ಲ ಹಾಗೇ ಇದ್ದವು.

ಅಡಗಿದ ಸಾಲುಗಳಿಂದಾದ ಅತಿ ಭೀಕರ ಪ್ರಕರಣ ಬ್ರಿಟನ್ನಿನದು. ತಾಲಿಬಾನ್ ಆಡಳಿತದಿಂದ ತಪ್ಪಿಸಿಕೊಳ್ಳಲು ಆಶ್ರಯ ಕೋರಿದ್ದ ಅಫ್ಗಾನಿಸ್ತಾನದ ಜನರ ಪಟ್ಟಿಯನ್ನು 2022ರ ಫೆಬ್ರುವರಿಯಲ್ಲಿ ರಕ್ಷಣಾ ಇಲಾಖೆಯ ಒಬ್ಬರು ಇ-ಮೇಲ್‌ನಲ್ಲಿ ಹೊರಗೆ ಕಳಿಸಿದರು. ಸುಮಾರು 150 ಸಾಲುಗಳನ್ನು ಕಳಿಸುತ್ತಿದ್ದೇನೆಂದು ಅವರು ಭಾವಿಸಿದ್ದರು. ಕಡತದಲ್ಲಿದ್ದದ್ದು 18,000ಕ್ಕೂ ಹೆಚ್ಚು ಅರ್ಜಿದಾರರ ವಿವರ. ಒಂದೂವರೆ ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ. 2023ರ ಆಗಸ್ಟ್‌ನಲ್ಲಿ ಪಟ್ಟಿಯ ಒಂದು ತುಣುಕು ಫೇಸ್‌ಬುಕ್ ಗುಂಪೊಂದರಲ್ಲಿ ಕಾಣಿಸಿಕೊಂಡಾಗಲೇ ಸರ್ಕಾರ ಎಚ್ಚೆತ್ತಿತು. ಆಮೇಲೆ ಸುದ್ದಿಯನ್ನು ಪ್ರಕಟಿಸದಂತೆ, ಅಂಥದೊಂದು ಆದೇಶವಿದೆ ಎಂಬುದನ್ನೂ ಹೇಳದಂತೆ ನ್ಯಾಯಾಲಯದ ಆದೇಶ ಬಂತು. ಅದು ತೆರವಾದದ್ದು 2025ರ ಜುಲೈ 15ರಂದು. ಆ ನಡುವೆ ಸಾವಿರಾರು ಜನರನ್ನು ಗುಟ್ಟಾಗಿ ಕರೆತರುವ ಯೋಜನೆ ನಡೆಯಿತು. ಪಟ್ಟಿ ಶತ್ರುವಿನ ಕೈಗೆ ಸಿಗಬಾರದೆಂದು ಮೌನ ಬೇಕಿತ್ತು ಎಂಬುದು ಸರ್ಕಾರದ ವಾದ. ತಮ್ಮ ಹೆಸರು ಹೊರಬಿದ್ದಿದೆ ಎಂದು ತಿಳಿಯದೆ ಅಷ್ಟೂ ದಿನ ಅದೇ ಮನೆಯಲ್ಲಿ ಮಲಗಿದವರ ಕಡೆಯಿಂದ ನೋಡಿದರೆ ಆ ವಾದ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಸಹಾಯ ಕೇಳುವಾಗ ಜಾರುವ ಕೀಲಿ

ಸಾಫ್ಟ್‌ವೇರ್ ಉದ್ಯಮದಲ್ಲಿ ಈ ತಪ್ಪಿಗೆ ಇನ್ನೊಂದು ಮುಖವಿದೆ. ಬೆಂಗಳೂರಿನ ಲಕ್ಷಾಂತರ ಮನೆಗಳ ಅನ್ನ ಇದೇ ಉದ್ಯಮದಿಂದ ಬರುವುದರಿಂದ ಇದನ್ನು ಪರದೇಶದ ಸಮಸ್ಯೆ ಎಂದು ಬದಿಗಿಡುವಂತಿಲ್ಲ. ಪ್ರೋಗ್ರಾಮ್ ಬರೆಯುವವರು ಬರೆದದ್ದನ್ನು ಪರಸ್ಪರ ಹಂಚಿಕೊಂಡೇ ಕಲಿಯುತ್ತಾರೆ. ಎಲ್ಲಿಯೋ ಸಿಕ್ಕಿಹಾಕಿಕೊಂಡಾಗ ತಮ್ಮ ಕೋಡ್ ಅನ್ನು ಎಲ್ಲರೂ ನೋಡುವ ಕಡೆ ಹಾಕಿ, ತಪ್ಪೆಲ್ಲಿದೆ ಹೇಳಿ ಎಂದು ಕೇಳುತ್ತಾರೆ. ಈ ಉದಾರ ಪದ್ಧತಿಯಿಂದಲೇ ಆ ವಿದ್ಯೆ ಇಷ್ಟು ವೇಗವಾಗಿ ಬೆಳೆದಿದೆ. ಆದರೆ ಆ ಕೋಡ್‌ನ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಕಂಪನಿಯ ಸರ್ವರ್ ತೆರೆಯುವ ಪಾಸ್‌ವರ್ಡ್ ಇರುತ್ತದೆ. ಪರೀಕ್ಷೆಗೆಂದು ತಾತ್ಕಾಲಿಕವಾಗಿ ಬರೆದದ್ದು, ಆಮೇಲೆ ತೆಗೆಯೋಣ ಎಂದುಕೊಂಡದ್ದು.

ಅಮೆರಿಕದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಡ್ ಹಂಚುವ ಒಂದೇ ತಾಣದ ಒಂದು ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ಸಂಗ್ರಹಗಳಲ್ಲಿ ಇಂಥ ಕೀಲಿಗಳು ಸಿಕ್ಕವು. ದಿನಕ್ಕೆ ಸಾವಿರಾರು ಹೊಸ ಕೀಲಿಗಳು ಬಯಲಿಗೆ ಬೀಳುತ್ತಿದ್ದವು. ಇವುಗಳನ್ನು ಹುಡುಕಲೆಂದೇ ಹಗಲಿರುಳು ಓಡುವ ಯಂತ್ರ ಪ್ರೋಗ್ರಾಮ್‌ಗಳು ಇರುವುದರಿಂದ, ಹಾಕಿದವರು ತಮ್ಮ ತಪ್ಪನ್ನು ಗಮನಿಸುವ ಮೊದಲೇ ಕೀಲಿ ಬೇರೆಯವರ ಕೈಯಲ್ಲಿರುತ್ತದೆ. ಜಪಾನಿನ ದೊಡ್ಡ ಕಾರು ಕಂಪನಿಯೊಂದರ ಗುತ್ತಿಗೆದಾರರು 2017ರ ಡಿಸೆಂಬರ್‌ನಲ್ಲಿ ತಪ್ಪಿ ಸಾರ್ವಜನಿಕವಾಗಿಟ್ಟ ಕೋಡ್‌ನಲ್ಲಿ ದತ್ತಾಂಶದ ಕೀಲಿಯಿತ್ತು. ಅದು ಗಮನಕ್ಕೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಸುಮಾರು 2,96,000 ಗ್ರಾಹಕರ ಇ-ಮೇಲ್ ವಿಳಾಸಗಳು ಹತ್ತಿರಹತ್ತಿರ ಐದು ವರ್ಷ ಅಪಾಯದಲ್ಲಿದ್ದವು ಎಂದು ಕಂಪನಿ ಕ್ಷಮೆ ಕೇಳಿತು. ಈಚೆಗೆ ಇಂಥ ತಾಣಗಳು ಕೀಲಿಯಂತೆ ಕಾಣುವ ಸಾಲನ್ನು ತಾವೇ ಗುರುತಿಸಿ, ಅಪ್‌ಲೋಡ್ ಆಗುವ ಮೊದಲೇ ತಡೆಯುವ ಏರ್ಪಾಡು ಮಾಡಿವೆ. ಎಚ್ಚರಿಕೆಯ ಸುತ್ತೋಲೆಗಳು ವರ್ಷಗಟ್ಟಲೆ ಮಾಡಲಾಗದ್ದನ್ನು ಈ ತಡೆಗೋಡೆ ಮಾಡುತ್ತಿದೆ.

ಕಲಿಯುವ ಆಸೆಯೇ ಗುಟ್ಟು ಬಿಟ್ಟುಕೊಟ್ಟ ಇನ್ನೊಂದು ಪ್ರಸಂಗ 2021ರಲ್ಲಿ ಬೆಳಕಿಗೆ ಬಂತು. ಯುರೋಪಿನ ನೆಲೆಗಳಲ್ಲಿ ಅಣ್ವಸ್ತ್ರಗಳ ಕಾವಲಿಗಿದ್ದ ಅಮೆರಿಕದ ಸೈನಿಕರು ಭದ್ರತಾ ನಿಯಮಗಳನ್ನು ಬಾಯಿಪಾಠ ಮಾಡಲು ವಿದ್ಯಾರ್ಥಿಗಳು ಬಳಸುವ ಪ್ರಶ್ನೋತ್ತರ ಚೀಟಿಗಳ ಆ್ಯಪ್ ಬಳಸಿದ್ದರು. ಆ ಚೀಟಿಗಳು ಎಲ್ಲರಿಗೂ ಕಾಣುವಂತಿವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಈಗ ಈ ಜಾಗಕ್ಕೆ ಕೃತಕ ಬುದ್ಧಿಮತ್ತೆಯ ಸಹಾಯಕರು ಬಂದಿದ್ದಾರೆ. 2023ರಲ್ಲಿ ದಕ್ಷಿಣ ಕೊರಿಯಾದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು, ತನ್ನ ಎಂಜಿನಿಯರ್‌ಗಳು ಆಂತರಿಕ ಕೋಡ್ ಅನ್ನು ಅಂಥದೊಂದು ಸಹಾಯಕಕ್ಕೆ ಉಣಿಸಿದ್ದು ತಿಳಿದು ಬಳಕೆಗೆ ನಿರ್ಬಂಧ ಹಾಕಿತು. 2025ರಲ್ಲಿ, ಜನ ಸ್ನೇಹಿತರಿಗೆ ತೋರಿಸಲೆಂದು ಹಂಚಿಕೊಂಡ ಸಂಭಾಷಣೆಗಳು ಹುಡುಕು ತಾಣಗಳಲ್ಲಿ ಕಾಣಿಸಿಕೊಂಡವು. ಒಂದು ಸಣ್ಣ ಚೌಕದ ಗುರುತು ಏನು ಮಾಡುತ್ತದೆ ಎಂದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಕಂಪನಿ ಆ ಸೌಲಭ್ಯವನ್ನೇ ತೆಗೆದುಹಾಕಿತು.

ನಾವೇ ಹಾಕಿದ್ದು

ಸಾಮಾನ್ಯ ನಾಗರಿಕರ ಕಡೆಯಿಂದ ಆಗುವ ತಪ್ಪುಗಳು ಹೆಚ್ಚಾಗಿ ಸಂಕಟದ ಗಳಿಗೆಯಲ್ಲಿ ಆಗುತ್ತವೆ. ಬ್ಯಾಂಕಿನಿಂದ ಹಣ ಕಡಿತವಾಗಿದೆ, ರೈಲು ಟಿಕೆಟ್‌ನ ಹಣ ವಾಪಸ್ ಬಂದಿಲ್ಲ, ವಿದ್ಯುತ್ ಬಿಲ್ ತಪ್ಪಾಗಿದೆ, ಸಹಾಯವಾಣಿ ಎತ್ತುತ್ತಿಲ್ಲ. ಬೇಸತ್ತವರು ಸಾಮಾಜಿಕ ಜಾಲತಾಣದಲ್ಲಿ ದೂರು ಬರೆಯುತ್ತಾರೆ. ಬೇಗ ಪರಿಹಾರ ಸಿಗಲಿ ಎಂದು ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ರಸೀದಿಯ ಚಿತ್ರ ಎಲ್ಲವನ್ನೂ ಸೇರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಬ್ಯಾಂಕಿನದೇ ಲಾಂಛನ ಹೊತ್ತ ನಕಲಿ ಖಾತೆಯಿಂದ ಉತ್ತರ ಬರುತ್ತದೆ. ದೂರಿನ ಎಲ್ಲ ವಿವರವೂ ಗೊತ್ತಿರುವ ವ್ಯಕ್ತಿ ಫೋನ್ ಮಾಡಿದಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಇಲ್ಲಿ ನಾಗರಿಕರ ಅಜಾಗ್ರತೆ ಎಷ್ಟಿದೆಯೋ, ಅವರನ್ನು ಬಹಿರಂಗ ದೂರಿಗೆ ದೂಡಿದ ಸಂಸ್ಥೆಗಳ ನಿರ್ಲಕ್ಷ್ಯವೂ ಅಷ್ಟೇ ಇದೆ.

ತಿಳಿವಳಿಕೆ ಇದ್ದವರೂ ಇದರಿಂದ ಹೊರತಲ್ಲ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿಯೊಬ್ಬರು 2020ರಲ್ಲಿ ವಿಮಾನ ಹತ್ತುವ ಚೀಟಿಯ ಚಿತ್ರ ಹಾಕಿದಾಗ, ಆಸಕ್ತರೊಬ್ಬರು ಅದರ ಸಂಖ್ಯೆ ಬಳಸಿ ಅವರ ಪಾಸ್‌ಪೋರ್ಟ್ ಸಂಖ್ಯೆಯನ್ನೇ ಕಂಡುಹಿಡಿದು, ಸರಿಪಡಿಸಿ ಎಂದು ಅಧಿಕಾರಿಗಳಿಗೆ ತಿಳಿಸಿದರು. ನಮ್ಮಲ್ಲಿ 2017ರಲ್ಲಿ ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕರೊಬ್ಬರು ಆಧಾರ್ ವಿವರ ನವೀಕರಿಸಿಕೊಂಡ ಸಂಭ್ರಮದಲ್ಲಿ, ಸೇವಾ ಕೇಂದ್ರಗಳ ಅಧಿಕೃತ ಖಾತೆಯೇ ಅವರ ಅರ್ಜಿಯ ಚಿತ್ರವನ್ನು ಜಾಲತಾಣಕ್ಕೆ ಏರಿಸಿತ್ತು. ಸಂಬಂಧಿಸಿದ ಕೇಂದ್ರವನ್ನು ಹತ್ತು ವರ್ಷಗಳ ಮಟ್ಟಿಗೆ ಕಪ್ಪುಪಟ್ಟಿಗೆ ಸೇರಿಸಲಾಯಿತು. ಪ್ರಸಿದ್ಧರ ವಿಷಯದಲ್ಲಿ ಕೂಡಲೇ ನಡೆದ ಈ ಕ್ರಮ, ಫಲಾನುಭವಿ ಪಟ್ಟಿಗಳಲ್ಲಿ ಬಯಲಾದ ಕೋಟ್ಯಂತರ ಜನರ ವಿಷಯದಲ್ಲಿ ಅಷ್ಟೇ ಚುರುಕಾಗಿ ನಡೆದದ್ದು ಕಾಣಲಿಲ್ಲ.

ಜನರಿಗೆ ಸಿಗುವ ಸಲಹೆಯಲ್ಲೂ ಗೊಂದಲವಿದೆ. ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಯಾರಿಗೆಂದರೆ ಅವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಬಳಸಿ ಎಂದು ಆಧಾರ್‌ನ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಹೊರಡಿಸಿದ ಸೂಚನೆಯನ್ನು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಜನ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂಬುದು ಕೊಟ್ಟ ಕಾರಣ. ಸಲಹೆಯಲ್ಲಿ ಹುರುಳಿತ್ತು. ಅಂಕಿ ಮರೆಮಾಡಿದ ಆ ಪ್ರತಿ ಇಂದಿಗೂ ಅಧಿಕೃತವಾಗಿ ಲಭ್ಯವಿದೆ. ಅದನ್ನು ಒಪ್ಪದೆ ಪೂರ್ಣ ಪ್ರತಿಯೇ ಬೇಕೆಂದು ಹಟ ಹಿಡಿಯುವ ವಸತಿಗೃಹಗಳು, ಅಂಗಡಿಗಳು, ಕಚೇರಿಗಳು ಮಾತ್ರ ಹಾಗೇ ಇವೆ.

ಅಳಿಸಿದರೂ ಉಳಿಯುವುದು

ಹಾಕಿದ್ದನ್ನು ತೆಗೆದರಾಯಿತಲ್ಲ ಎಂಬ ಸಮಾಧಾನ ಅಂತರ್ಜಾಲದಲ್ಲಿ ನಡೆಯುವುದಿಲ್ಲ. ಪುಟವೊಂದು ಪ್ರಕಟವಾದ ಕೂಡಲೇ ಹುಡುಕು ತಾಣಗಳು, ಸಂಗ್ರಹಾಲಯಗಳು, ಮಾಹಿತಿ ಬಾಚುವ ಯಂತ್ರಗಳು ಅದರ ಪ್ರತಿ ಮಾಡಿಕೊಳ್ಳುತ್ತವೆ. ಓದುಗರ ಫೋನ್‌ಗಳಲ್ಲಿ ಸ್ಕ್ರೀನ್‌ಶಾಟ್ ಉಳಿಯುತ್ತದೆ. ಕೋಡ್ ತಾಣಗಳಲ್ಲಿ ಸಾಲನ್ನು ಅಳಿಸಿದರೂ ಹಳೆಯ ಆವೃತ್ತಿ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಆದ್ದರಿಂದಲೇ ಬಲ್ಲವರು ಅಳಿಸುವುದರ ಜೊತೆಗೆ ಕೀಲಿಯನ್ನೇ ಬದಲಿಸಿ ಎನ್ನುತ್ತಾರೆ.

ಮರೆಯಾಗುವ ಹಕ್ಕಿನ ಚರ್ಚೆ ಹುಟ್ಟಿದ್ದು ಈ ಅಸಹಾಯಕತೆಯಿಂದ. ಯುರೋಪಿನ ಉನ್ನತ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ಅದನ್ನು ಮಾನ್ಯ ಮಾಡಿತು. ನಮ್ಮ ದೇಶದಲ್ಲಿ ಈ ಮಾತನ್ನು ಮೊದಲ ಸಾಲಿನಲ್ಲಿ ಎತ್ತಿಹಿಡಿದ ತೀರ್ಪುಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿನದು. ಹಳೆಯ ಪ್ರಕರಣವೊಂದರ ಆದೇಶದಲ್ಲಿ ಮಗಳ ಹೆಸರಿದ್ದು, ಅಂತರ್ಜಾಲದಲ್ಲಿ ಹುಡುಕಿದಾಗ ಅದು ಸಿಗುವುದರಿಂದ ಆಕೆಯ ಸಂಸಾರಕ್ಕೂ ಮಾನಕ್ಕೂ ಧಕ್ಕೆಯಾದೀತೆಂದು ತಂದೆಯೊಬ್ಬರು ಮೊರೆಯಿಟ್ಟಿದ್ದರು. 2017ರ ಜನವರಿಯ ಆದೇಶದಲ್ಲಿ ನ್ಯಾಯಾಲಯ, ಹುಡುಕಾಟದಲ್ಲಿ ಹೆಸರು ಸಿಗದಂತೆ ಮಾಡಲು ಕಚೇರಿಗೆ ಸೂಚಿಸಿತು. ಆದರೆ ಆದೇಶದ ಅಧಿಕೃತ ಪ್ರತಿಯಲ್ಲಿ ಹೆಸರು ಇರಲಿದೆ ಎಂದೂ ಹೇಳಿತು. ದಾಖಲೆ ದಾಖಲೆಯಾಗಿಯೇ ಉಳಿಯಬೇಕು, ಆದರೆ ಬೀದಿಯಲ್ಲಿ ಸಾರಬೇಕಾಗಿಲ್ಲ. ನೋಂದಣಿ ಪತ್ರದಲ್ಲಿ, ಫಲಾನುಭವಿ ಪಟ್ಟಿಯಲ್ಲಿ ನಾವು ಕಳೆದುಕೊಂಡದ್ದು ಇದೇ ಭೇದವನ್ನು.

ಹೊಸ ಕಾಯ್ದೆ ಮತ್ತು ಹೊಣೆಯ ಪ್ರಶ್ನೆ

ಕರ್ನಾಟಕ ಹೈಕೋರ್ಟಿನದೇ ನಿವೃತ್ತ ನ್ಯಾಯಮೂರ್ತಿಯೊಬ್ಬರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪಿನ ಫಲವಾಗಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಆಕಸ್ಮಿಕವಾಗಿ ಬಹಿರಂಗವಾದದ್ದನ್ನೂ ಈ ಕಾಯ್ದೆ ಉಲ್ಲಂಘನೆ ಎಂದೇ ಎಣಿಸುತ್ತದೆ. ಉದ್ದೇಶವಿರಲಿಲ್ಲ ಎಂಬ ನೆಪ ಇನ್ನು ಸಾಲದು. ತಕ್ಕ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ, ಆದದ್ದನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಬಾಧಿತರಿಗೆ ತಿಳಿಸಲೇಬೇಕು ಎಂಬುದು ಈ ಕಾಯ್ದೆಯ ಅತ್ಯುತ್ತಮ ಭಾಗ.

ಕೊರತೆಗಳೂ ಸಣ್ಣವಲ್ಲ. ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ, ನೊಂದವರಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಅಷ್ಟೇ ಅಲ್ಲ, ಪರಿಹಾರ ಕೇಳಲು ಅವಕಾಶ ಕೊಟ್ಟಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಕೈಬಿಡಲು ಈ ಕಾಯ್ದೆಯೇ ಹೇಳುತ್ತದೆ. ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ದೂರು ಬರೆಯುವಾಗ ತನ್ನ ವಿವರವನ್ನು ತಾನೇ ಹಾಕಿದ ಗ್ರಾಹಕ ಹೀಗಾಗಿ ಬೇಲಿಯ ಹೊರಗೇ ಉಳಿದಾನು. ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಸರ್ಕಾರ ತನ್ನ ಅಂಗಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು.

ಹೆಚ್ಚು ವಿವಾದ ಎದ್ದಿರುವುದು ಮಾಹಿತಿ ಹಕ್ಕು ಕಾಯ್ದೆಗೆ ಇದು ತಂದ ತಿದ್ದುಪಡಿಯ ಬಗ್ಗೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ಹಿಂದೆ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಸಾಕು. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಕೊಡಲು ಬೇರೊಂದು ಕಲಮು ಇದೆ, ಹೆದರಬೇಕಾಗಿಲ್ಲ ಎಂದು ತಿದ್ದುಪಡಿಯ ಪರವಾದಿಗಳು ಹೇಳುತ್ತಾರೆ. ಆ ಹಿತವನ್ನು ಸಾಬೀತುಪಡಿಸುವ ಭಾರ ಇನ್ನು ಅರ್ಜಿದಾರನ ಹೆಗಲಿಗೇ ಬೀಳುತ್ತದೆ, ಫಲಾನುಭವಿ ಪಟ್ಟಿಯನ್ನೇ ಮುಚ್ಚಿಡಲು ಇದು ನೆಪವಾಗುತ್ತದೆ ಎಂದು ವಿರೋಧಿಸುವವರು ಹೇಳುತ್ತಾರೆ. ಎರಡೂ ಕಡೆಯ ಮಾತು ಕೇಳಿದ ಮೇಲೆ ಎರಡನೆಯದರಲ್ಲಿ ಹೆಚ್ಚು ತೂಕ ಕಾಣುತ್ತದೆ. ಕಾಲಂ ಅಳಿಸದ ತಪ್ಪಿಗೆ ಪಟ್ಟಿಯನ್ನೇ ಅಳಿಸುವುದು ಪರಿಹಾರವಲ್ಲ. ಯಾರಿಗೆ ಎಷ್ಟು ಹಣ ಹೋಯಿತು ಎಂಬುದು ತೆರೆದಿರಲಿ, ಅವರ ಖಾತೆಯ ಕೀಲಿ ಮುಚ್ಚಿರಲಿ. ಎರಡನ್ನೂ ಒಟ್ಟಿಗೆ ಮಾಡಲು ತಂತ್ರಜ್ಞಾನದಲ್ಲಿ ಯಾವ ಅಡ್ಡಿಯೂ ಇಲ್ಲ.

ಹೊಣೆ ಯಾರದು ಎಂಬ ಪ್ರಶ್ನೆಗೂ ಇದೇ ಬೆಳಕಿನಲ್ಲಿ ಉತ್ತರ ಹುಡುಕಬೇಕು. ಎಷ್ಟೋ ಪ್ರಕರಣಗಳಲ್ಲಿ ಕೊನೆಗೆ ಅಮಾನತಾಗುವುದು ಗುಂಡಿ ಒತ್ತಿದ ಕೈ. ಆ ಶಿಕ್ಷೆಯನ್ನು ಕಂಡ ಮುಂದಿನವರು ತಮ್ಮ ತಪ್ಪು ತಿಳಿದರೂ ಬಾಯಿ ಬಿಡುವುದಿಲ್ಲ, ಆಗ ಅತ್ಯಂತ ಬೆಲೆಯುಳ್ಳ ಮೊದಲ ಗಂಟೆ ಕೈತಪ್ಪಿಹೋಗುತ್ತದೆ. 2017ರಲ್ಲಿ ಮಾಹಿತಿ ತೆರೆದಿದೆ ಎಂದು ತೋರಿಸಿದ ಸಂಶೋಧಕರಿಂದಲೇ ವಿವರಣೆ ಕೇಳಿ ಪತ್ರ ಹೋಗಿತ್ತು. ಬಾಗಿಲು ತೆರೆದಿದೆ ಎಂದು ಕೂಗಿ ಹೇಳುವವರನ್ನು ಬೆದರಿಸುವ ಊರಿನಲ್ಲಿ ಬಾಗಿಲು ತೆರೆದೇ ಇರುತ್ತದೆ. ಬೇಡದ ಮಾಹಿತಿಯನ್ನು ಕೇಳಿ ಪಡೆದವರು, ಬೇಕಾದ ಕಾಲಂ ಯಾವುದೆಂದು ಹೇಳದೆ ಆದೇಶ ಹೊರಡಿಸಿದವರು, ಪರಿಶೀಲನೆಗೆ ಎರಡನೆಯ ಕಣ್ಣನ್ನು ನೇಮಿಸದವರು ಮೊದಲು ಉತ್ತರ ಕೊಡಬೇಕು. ತಪ್ಪನ್ನು ಕೂಡಲೇ ಹೇಳಿಕೊಂಡ ನೌಕರನಿಗೆ ರಕ್ಷಣೆ ಸಿಗಬೇಕು.

ನಾಗರಿಕರು ಮಾಡಬಹುದಾದದ್ದೂ ಇದೆ. ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಲು, ಅಂಕಿ ಮರೆಮಾಡಿದ ಆಧಾರ್ ಪ್ರತಿ ಪಡೆಯಲು ಹಣ ಬೇಕಾಗಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮನೆಯ ಹಿರಿಯರಿಗೆ ಇದನ್ನು ಮಾಡಿಕೊಡುವುದು ಓದು ಬಲ್ಲ ಕಿರಿಯರ ಕೆಲಸ.

ಹೊಸ ಕಾಯ್ದೆಯ ಮುಖ್ಯ ಕಟ್ಟಳೆಗಳು ಜಾರಿಗೆ ಬರುವುದು 2027ರ ಮೇ ತಿಂಗಳಿಗೆ. ಅಲ್ಲಿಯ ತನಕ ಕಾಯಬೇಕಾದ ಅಗತ್ಯ ಯಾವ ಕಚೇರಿಗೂ ಇಲ್ಲ. ಪ್ರತಿ ಇಲಾಖೆ, ಪಂಚಾಯಿತಿ, ವಿಶ್ವವಿದ್ಯಾಲಯ, ಸಹಕಾರ ಸಂಘ ತನ್ನ ಜಾಲತಾಣದಲ್ಲಿ ಈಗಾಗಲೇ ನೇತಾಡುತ್ತಿರುವ ಹಳೆಯ ಪಟ್ಟಿಗಳನ್ನು ಈ ವಾರವೇ ಒಮ್ಮೆ ತೆರೆದು, ಅಡಗಿದ ಹಾಳೆಗಳ ಸಮೇತ ನೋಡಲಿ. ಅಲ್ಲಿ ಬಯಲಾಗಿರುವುದು ಅವರ ಸ್ವಂತ ಮಾಹಿತಿಯಲ್ಲ, ಬೇರೆ ದಾರಿಯಿಲ್ಲದೆ ಅವರ ಕೈಗೆ ಒಪ್ಪಿಸಿ ಬಂದ ಜನರದು.